ಒಂದು ಪ್ರೋಟೀನು, ಎರಡು ಕೆಲಸ

ಯೀಸ್ಟಿನ ಕೋಶ ವಿಭಜನೆಯನ್ನು ಕುರಿತು ನಮ್ಮಲ್ಲಿ ನಡೆದ ಸಂಶೋಧನೆಗೆ ಬುನಾದಿ ಹಾಕಿದವರಲ್ಲಿ, ಈ ವರ್ಷ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿ ಮೇಡಂ ಅವರು ಅಗ್ರಗಣ್ಯರು. ಕೋಶ ಇಬ್ಭಾಗವಾಗಲು ನೆರವಾಗುವ ಪ್ರೋಟೀನೊಂದಕ್ಕೆ ಅದೊಂದೇ ಕೆಲಸ ಎಂಬುದು ಅವರಿಗೆ ಕೀರ್ತಿ ತಂದ ಸಿದ್ಧಾಂತ. ಅದನ್ನು ಅಲುಗಾಡಿಸಿದವಳು ಅವರದೇ ಶಿಷ್ಯೆ, ಇಂದು ನಮ್ಮ ಸಹೋದ್ಯೋಗಿ. ಅವಳ ಆತುರ ಕಂಡು ಮೇಡಂ ಅವಳನ್ನು ಕರೆಯುತ್ತಿದ್ದುದೇ ಅವಸರದಮ್ಮ ಎಂದು.

ಪಿಎಚ್‌ಡಿ ಮಾಡುತ್ತಿದ್ದಾಗ ಅವಸರದಮ್ಮನಿಗೆ ಯೀಸ್ಟಿನ ಒಂದು ರೂಪಾಂತರಿ ತಳಿ ಸಿಕ್ಕಿತ್ತು. ಪ್ರೋಟೀನಿನ ಒಂದು ಮೂಲೆ ಬದಲಾಗಿದ್ದ ಆ ತಳಿಯ ಕೋಶಗಳು ಸರಿಯಾಗಿ ಇಬ್ಭಾಗವಾಗಿ ಅದು ಸೊಂಪಾಗಿ ಬೆಳೆಯುತ್ತಿತ್ತು, ಆದರೆ ಡಿಎನ್‌ಎ ಕೆಡಿಸುವ ಅತಿನೇರಳೆ ಬೆಳಕು ತಗುಲಿದರೆ ಸಾಯುತ್ತಿತ್ತು. ಹಾಗಾದರೆ ಡಿಎನ್‌ಎ ರಿಪೇರಿಯೂ ಈ ಪ್ರೋಟೀನಿನದೇ ಎರಡನೆಯ ಕೆಲಸವೆಂದು ಅವಳು ಕುಣಿದಾಡಿದಳು. ಮೇಡಂ ತಣ್ಣೀರೆರಚಿದರು.

"ಸುಸ್ತಾದೋನು ಹಗುರದ ಕೆಲ್ಸ ಮಾಡಿ ಭಾರದ್ದು ಬಿಡ್ತಾನೆ. ನಿನ್ನ ಪ್ರೋಟೀನೂ ಸುಮ್ನೆ ಸೊರಗಿರ್ಬೋದು. ಇದಕ್ಕೆ ಉಲ್ಟಾ ಇರೋದನ್ನ ತಗೊಂಡು ಬಾ. ಬೆಳೆಯೋಕೆ ತಿಣುಕ್ಬೇಕು, ಬೆಳಕು ಬಿದ್ರೂ ಬದುಕ್ಬೇಕು. ಭಾರದ್ದು ಮಾಡಿ ಹಗುರದ್ದು ಬಿಟ್ರೆ ಅದು ಸುಸ್ತಲ್ಲ, ಆಗ ಒಪ್ತೀನಿ."

ಪ್ರಬಂಧದ ಗಡುವು ಕುತ್ತಿಗೆಗೆ ಬಂದಿತ್ತು. ಮೇಡಂ ಸಹಿಯಿಲ್ಲದೆ ಪಿಎಚ್‌ಡಿ ಇಲ್ಲ. ನೂರಾರು ತಳಿ ಜರಡಿ ಹಿಡಿದ ಮೇಲೆ, ಕುಂಟುತ್ತಾ ಬೆಳೆಯುವ ಒಂದು ಸಿಕ್ಕಿತು. ಉಳಿದದ್ದು ಬೆಳಕಿನ ಪರೀಕ್ಷೆ. ಆ ಪ್ರಯೋಗಾಲಯದಲ್ಲಿ ಮೇಡಂ ಮಾಡಿದ್ದ ಕಟ್ಟಳೆಯೊಂದಿತ್ತು: ಪ್ರಯೋಗ ಗೆದ್ದರೆ ಯಾರ ಮಾತು ಬೀಳುತ್ತದೋ ಅವರೇ ಯೀಸ್ಟು ಬೆಳೆಸಿದ ಪ್ಲೇಟು ನೋಡಿ ಹೇಳಬೇಕು. ಹೀಗಾಗಿ ಅಂದು ಸ್ಟೂಲಿನ ಮೇಲೆ ಕುಳಿತವರು ಮೇಡಂ.

ಪ್ಲೇಟು ಬರಿಗಣ್ಣಿಗೆ ಖಾಲಿಯಂತೆ ಕಂಡಿತು. ಏನೂ ಬೆಳೆದಿಲ್ಲವೆಂದು ಮೇಡಂ ಎದ್ದಿದ್ದರೆ ಯಾರೂ ಚಕಾರವೆತ್ತುತ್ತಿರಲಿಲ್ಲ. ಅವರು ಏಳಲಿಲ್ಲ. ಭೂತಗನ್ನಡಿ ತರಿಸಿದರು, ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬದುಕುಳಿದ ಒಂದೊಂದು ಕೋಶ ಕುಂಟುತ್ತಾ ಬೆಳೆದು ಆದ, ಗಸಗಸೆಗಿಂತ ಸಣ್ಣ ಚುಕ್ಕೆಗಳನ್ನು ಎಣಿಸತೊಡಗಿದರು. ನಡುವೆ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರು. ಬಾಗಿಲ ಬಳಿ ನಿಂತಿದ್ದ ನಾವೆಲ್ಲ ಕತ್ತು ಚಾಚಿ ನೋಡುತ್ತಿದ್ದೆವು.

"ಮಾಮೂಲಿ ಯೀಸ್ಟಿನಷ್ಟೇ ಬದುಕಿವೆ ಕಣೇ," ಎಂದರು ಕೊನೆಗೆ. "ಎರಡು ಕೆಲ್ಸ. ಇಷ್ಟು ವರ್ಷ ನಾನು ಹೇಳಿದ್ದು ತಪ್ಪು."

ಅವಸರದಮ್ಮ ಗೆದ್ದ ಖುಷಿ ಮರೆತು ಮೇಡಂ ಪಕ್ಕ ಬಂದು ನಿಂತಳು. "ಮೇಡಂ, ಅದನ್ನ ಪ್ರಬಂಧದಲ್ಲಿ ಮೆತ್ತಗೆ ಬರೀತೀನಿ."

"ಮೆತ್ತಗೆ ಬರೆದ್ರೆ ಸಹಿ ಹಾಕಲ್ಲ. ನನ್ನ ಹೆಸರು ಹಾಕಿ, ತಪ್ಪು ಅಂತ ಬರಿ."

ಅವಳು ಹಾಗೆಯೇ ಬರೆದಳು, ಅಳುತ್ತಲೇ ಬರೆದಳು. ಮೇಡಂ ಓದಿ, ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು. ಇಂಥ ಗುರುವಿಗೆ ನೂರು ವರ್ಷ ಆಯುಸ್ಸು, ಆರೋಗ್ಯ, ಕೈತುಂಬ ಕೆಲಸ ಇರಲಿ. ಅವರ ಮಾತನ್ನು ಅವರೆದುರೇ ಸುಳ್ಳು ಮಾಡಬಲ್ಲ ಶಿಷ್ಯರು ಇನ್ನೂ ಸಿಗುತ್ತಿರಲಿ.