ಎಡೆಗೆ ಮೊದಲು ನೋಡಿದ ರುಚಿ

ನಾನು ಓದಲು ಹೋಗಿದ್ದು ಮಣ್ಣಿನ ವಿಜ್ಞಾನ, ಪೋಲೆಂಡಿನ ಒಂದು ಸಣ್ಣ ಊರಿಗೆ. ಮೊದಲ ಚಳಿಗಾಲದಲ್ಲಿ ಮಾತಾಡಲು ಜನವಿಲ್ಲದೆ ಒದ್ದಾಡುತ್ತಿದ್ದಾಗ, ಊರಿನ ಗ್ರಂಥಾಲಯದಲ್ಲಿ ಶನಿವಾರ ಅಡುಗೆ ಕಲಿಸುತ್ತಾರೆ, ಹೋಗು ಎಂದು ಯಾರೋ ಹೇಳಿದರು. ಅಡುಗೆಯವರ ಮಗಳಿಗೇ ಅಡುಗೆ ಕಲಿಸುತ್ತಾರಂತೆ ಎಂದು ಒಳಗೊಳಗೇ ಬೀಗುತ್ತ ಹೋದೆ. ಅಪ್ಪ ಕಡೂರಿನವರು. ತರೀಕೆರೆ, ಅಜ್ಜಂಪುರ ಸುತ್ತಿನ ಮದುವೆ, ಗೃಹಪ್ರವೇಶಗಳಿಗೆಲ್ಲ ಮೂವತ್ತು ವರ್ಷದಿಂದ ಅವರದೇ ಅಡುಗೆ.

ಕಲಿಸುವವರು ನಿವೃತ್ತರಾದ ಒಬ್ಬ ಶಾಲಾ ಮೇಡಂ. ಮೊದಲ ದಿನ ಬೀಟ್‌ರೂಟ್ ಸಾರು. ಕುದಿಯುತ್ತಿದ್ದಂತೆ ಅವರು ಸೌಟಿನಿಂದ ಒಂದು ಗುಟುಕು ಹೀರಿ, ಅದೇ ಸೌಟನ್ನು ಮತ್ತೆ ಪಾತ್ರೆಗೆ ಅದ್ದಿ ನನ್ನ ಕಡೆ ಚಾಚಿದರು.

"ರುಚಿ ನೋಡು."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಮ್ಮಲ್ಲಿ ಒಲೆಯ ಮೇಲಿರುವುದನ್ನು ಯಾರೂ ನಾಲಿಗೆಗೆ ಮುಟ್ಟಿಸುವುದಿಲ್ಲ. ಮೊದಲ ಎಡೆ ಮಠದ ಸ್ವಾಮಿಗಳಿಗೆ. ಅದಕ್ಕೆ ಮುಂಚೆ ರುಚಿ ನೋಡಿದರೆ ಇಡೀ ಕೊಪ್ಪರಿಗೆಯೇ ಎಂಜಲು. ಅಪ್ಪ ಉಪ್ಪನ್ನು ಆವಿಯ ವಾಸನೆಯಲ್ಲೇ ಹೇಳುತ್ತಿದ್ದರು. ಕೊಪ್ಪರಿಗೆಯ ಮೇಲೆ ಬಾಗಿ, ಕಣ್ಣು ಮುಚ್ಚಿ, "ಇನ್ನೊಂದು ಅರ್ಧ ಹಿಡಿ ಹಾಕ್ರೋ" ಎನ್ನುವರು. ಒಂದು ದಿನವೂ ತಪ್ಪಿದ್ದಿಲ್ಲ.

ನಾನೂ ಹಾಗೇ ಬಾಗಿದೆ, ಕಣ್ಣು ಮುಚ್ಚಿದೆ, ಉಪ್ಪು ಸುರಿದೆ. ಸಾರು ಬಾಯಿಗಿಡುವ ಹಾಗಿರಲಿಲ್ಲ. ಮೇಡಂ ಬೈಯಲಿಲ್ಲ. "ಮಾಡಿದವಳೇ ನೋಡದೆ ಬಡಿಸಿದರೆ ಉಣ್ಣುವವರಿಗೆ ಏನು ಮರ್ಯಾದೆ ಕೊಟ್ಟಂತಾಯಿತು?" ಎಂದಷ್ಟೇ ಕೇಳಿದರು. ನಾವು ನೋಡದಿರುವುದೂ ಮರ್ಯಾದೆಗೇ ಎನ್ನಲು ನನಗೆ ಅವರ ಭಾಷೆ ಸಾಲದಾಯಿತು.

ಮೂರು ಶನಿವಾರ ಹಟ ಹಿಡಿದು ಮೂರು ಅಡುಗೆ ಕೆಡಿಸಿದೆ. ನಾಲ್ಕನೆಯ ವಾರ ನನ್ನದೇ ಚಮಚ ಒಯ್ದು ನೋಡಿದೆ. ಅಡುಗೆ ಚೆನ್ನಾಯಿತು. ಆಮೇಲೆ ಅದೇ ಚಟವಾಯಿತು.

ಆ ಚಳಿಗಾಲವೇ ಅಪ್ಪನಿಗೆ ಕೊರೋನಾ ಬಂದು ಹೋಯಿತು, ಜೊತೆಗೆ ಮೂಗಿಗೆ ವಾಸನೆ ಹತ್ತುವುದೂ ನಿಂತಿತು. ಚೌಳಹಿರಿಯೂರಿನ ಒಂದು ನಾಮಕರಣದಲ್ಲಿ ಸಾರು ಉಪ್ಪಾಗಿ, ಪಂಕ್ತಿಯಲ್ಲಿ ಕೂತವರು ಬರೀ ನೀರು ಕುಡಿದು ಎದ್ದರಂತೆ. ಅವ್ವ ಫೋನಿನಲ್ಲಿ ಅತ್ತಳು. ನಾನು ಫೋನನ್ನು ಅಪ್ಪನ ಕೈಗೆ ಕೊಡಿಸಿ, ಹೊಸದಾಗಿ ಕಲಿತ ಜಾಣತನವನ್ನೆಲ್ಲ ಉದುರಿಸಿದೆ.

"ಒಂದು ಚಮಚ ತಗೊಂಡು ನೋಡಪ್ಪ. ಇಲ್ಲಿ ಎಲ್ರೂ ಹಂಗೇ ಮಾಡ್ತಾರೆ."

"ಎಂಜಲು ಮಾಡಿ ಸ್ವಾಮಿಗಳಿಗೆ ಬಡಿಸ್ಲೇನವ್ವ? ಅದಕ್ಕಿಂತ ಸೌಟು ಕೆಳಗಿಡ್ತೀನಿ ಬಿಡು."

ಅಷ್ಟು ದೂರ ಕೂತು ನಾನು ಮಾಡುವುದೇನಿತ್ತು? ಸೌಟು ಬಿಟ್ಟರೆ ಅಪ್ಪ ಅಪ್ಪನಾಗಿ ಉಳಿಯುವುದಿಲ್ಲ ಎಂದು ಮಾತ್ರ ಗೊತ್ತಿತ್ತು.

ರಜೆಗೆ ಬಂದಾಗ ಅಜ್ಜಂಪುರದಲ್ಲೊಂದು ಗೃಹಪ್ರವೇಶ. ಹಳೆಯ ವಿಶ್ವಾಸಕ್ಕೆ ಅಪ್ಪನನ್ನೇ ಅಡುಗೆಗೆ ಕರೆದಿದ್ದರು. ಇದೂ ಕೆಟ್ಟರೆ ಇನ್ನು ಯಾರೂ ಕರೆಯುವುದಿಲ್ಲ ಎಂದು ಅಪ್ಪನಿಗೂ ಗೊತ್ತು, ನನಗೂ ಗೊತ್ತು. ನನ್ನನ್ನು ಜೊತೆಗೆ ಕರೆದೊಯ್ದರು. ಒಳಗೆ ಸ್ವಾಮಿಗಳ ಪಾದಪೂಜೆ ಮುಗಿಯುತ್ತಿತ್ತು. ಹಿತ್ತಲಿನ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

"ಬಾ ಇಲ್ಲಿ. ಉಪ್ಪು ಹೆಂಗೈತೆ ಹೇಳು," ಎಂದರು.

ಬಾಗಿದೆ. ಬೇಳೆ, ಹುಣಸೆ, ಒಗ್ಗರಣೆ, ಎಲ್ಲದರ ವಾಸನೆ ಬಂತು, ಉಪ್ಪಿನದು ಬರಲಿಲ್ಲ. ಚಿಕ್ಕಂದಿನಿಂದ ಅವರು ಬಾಗುವುದನ್ನು ನೋಡಿದ್ದೆನೇ ಹೊರತು ಕಲಿತಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

"ಗೊತ್ತಾಗ್ತಿಲ್ಲಪ್ಪ."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ನಿಂತರು.

"ನಾನು ಈ ಕಡೆ ತಿರುಗಿರ್ತೀನಿ. ನೀನು ಬಾಯಿಗೆ ಹಾಕ್ಕೊಂಡು ನೋಡ್ಬಿಡವ್ವ."

ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡೆ. ನೆಕ್ಕಿ ನೋಡಿದೆ. ಉಪ್ಪು ಹದವಾಗಿತ್ತು, ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಈ ಸಲ ಅವರ ಕೈ ತಪ್ಪಿರಲೇ ಇಲ್ಲ.

"ಸರಿಯಾಗೈತೆ ಅಪ್ಪ," ಎಂದೆ.

ಅವರು ತಿರುಗಲಿಲ್ಲ. "ಮನೆಯವ್ರಿಗೆ ಹೇಳು," ಎಂದರು. "ಸ್ವಾಮಿಗಳ ಎಡೆಗೆ ಪಾಯಸ, ಮೊಸರನ್ನ ಸಾಕು. ಅವ್ರಿಗೆ ಸಾರು ಬಡ್ಸೋದು ಬ್ಯಾಡ."

ಹೋಗಿ ಹೇಳಿದೆ. ಯಾಕೆ ಎಂದು ಮನೆಯೊಡತಿ ಕೇಳಿದರು. ಎಂಜಲಾಗಿದೆ ಎನ್ನಲು ಬಾಯಿ ಬರಲಿಲ್ಲ. ಸಾರು ಸರಿ ಬಂದಿಲ್ಲ ಎಂದುಬಿಟ್ಟೆ. ಎಲೆ ಹಾಕುವ ಮೊದಲೇ ಆ ಮಾತು ಪಂಕ್ತಿಯೆಲ್ಲ ಹಬ್ಬಿತ್ತು.