ಅಪ್ಪನ ಮೋಟರು, ಕಾಕಾನ ಮೋಟರು

ಇವತ್ತು ಬೆಳಿಗ್ಗೆ ಶೇಂಗಾ ಚಟ್ನಿಗೆ ಕೈ ಹಚ್ಚಿದ್ದೆ. ಮಿಕ್ಸರ್ ಒಮ್ಮೆ ಗುರ್ ಎಂದು ನಿಂತಿತು. ಹಿಂದೆಯೇ ತಾಮ್ರದ ತಂತಿ ಸುಟ್ಟ ವಾಸನೆ ಚಿಕ್ಕೋಡಿಯ ನಮ್ಮ ಅಡಿಗೆಮನೆಯನ್ನೆಲ್ಲ ತುಂಬಿತು. “ಹೊಸಾದ ತರೋಣ ಬಿಡ” ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಕೂಡ ಎತ್ತದೆ. ನನಗೆ ಮೈಯೆಲ್ಲ ಉರಿಯಿತು. ಇದು ಮದುವೆಯಲ್ಲಿ ಅಪ್ಪ ಕೊಟ್ಟ ಮಿಕ್ಸರ್. ಅಕ್ಕನ ಮದುವೆ, ನನ್ನ ಮದುವೆ ಒಂದೇ ಹಂದರದಲ್ಲಿ ಆದದ್ದರಿಂದ ಅಂಥವೇ ಎರಡು ತಂದಿದ್ದರು. ಇನ್ನೊಂದು ಅಥಣಿಯಲ್ಲಿ ಅಕ್ಕನ ಮನೆಯಲ್ಲಿದೆ. ಆ ಅಕ್ಕ ಈಗ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳ ಹೊಸ ಮನೆಯ ವಾಸ್ತುಶಾಂತಿಗೆ ನಾನು ಹೋಗಲಿಲ್ಲವಂತೆ! ಪರೀಕ್ಷೆಯ ಪೇಪರು ತಿದ್ದಲು ಹಾಕಿದ್ದರು, ರಜೆ ಸಿಗಲಿಲ್ಲ ಎಂದರೆ ನಂಬಬೇಕಲ್ಲ. ನಾನು ಫೋನ್ ಮಾಡಲಿ ಎಂದು ಅವಳು, ಅವಳು ಮಾಡಲಿ ಎಂದು ನಾನು. ದಿನಾ ಸಂಜೆ ಫೋನು ನೋಡಿ ನೋಡಿ ನನಗೇ ಸಾಕಾಗಿದೆ. ಹೋಗಲಿ ಬಿಡಿ, ನಾನು ಹೇಳಹೊರಟದ್ದು ವಾಸನೆಯ ವಿಷಯ.

ನಾನು ಸಣ್ಣವಳಿದ್ದಾಗ ಉಗಾರ ಬುದ್ರುಕದ ನಮ್ಮ ಅಂಗಳದಲ್ಲಿ ಇದೇ ವಾಸನೆ ಇರುತ್ತಿತ್ತು. ಹೊಳೆಯಿಂದ ಕಬ್ಬಿಗೆ ನೀರೆತ್ತಲು ಅಪ್ಪ ಮತ್ತು ಅವರ ತಮ್ಮ, ನಮ್ಮ ಕಾಕಾ, ಒಂದೇ ದಿನ, ಒಂದೇ ಕಂಪನಿಯ ಎರಡು ಮೋಟರು ತಂದಿದ್ದರು. ಕಾಕಾನದು ದಂಡೆಯ ಮೇಲೆ ಸದಾ ಓಡುತ್ತಿತ್ತು. ಅಪ್ಪನದು ಗೋಣಿಚೀಲ ಸುತ್ತಿಕೊಂಡು ದನದ ಮನೆಯ ಮೂಲೆಯಲ್ಲಿ ಕೂತಿರುತ್ತಿತ್ತು. ಬಳಸದ ವಸ್ತು ಕೆಡುವುದಿಲ್ಲ ಎಂಬುದು ಅಪ್ಪನ ಗಟ್ಟಿ ನಂಬಿಕೆ.

ಓಡುವ ಮೋಟರು ಕೆಡದೆ ಇರುತ್ತದೆಯೇ? ಕೆಟ್ಟಾಗಲೆಲ್ಲ ಕಾಕಾ ಅದನ್ನು ಅಂಗಳಕ್ಕೆ ಹೊತ್ತು ತರುತ್ತಿದ್ದ. ಪಕ್ಕದ ಕುಡಚಿಯಲ್ಲಿ ಮೋಟರು ರಿಪೇರಿಯ ಒಳ್ಳೆಯ ಮೇಸ್ತ್ರಿಗಳಿದ್ದರು. ಆದರೆ ಕಾಕಾ ಹೋದರೆ ತಾನೆ!

“ಅಣ್ಣಾ, ನಿಂದೊಂದೀಟ ಬಿಚ್ಚತೇನಿ. ನೋಡಿ, ಇದ್ದಂಗ ಮುಚ್ಚಿ ಇಡತೇನಿ.”

ಕೆಟ್ಟದ್ದನ್ನು ಬಿಚ್ಚಿ, ಅದರ ಪಕ್ಕದಲ್ಲಿ ಒಳ್ಳೆಯದನ್ನೂ ಬಿಚ್ಚುತ್ತಿದ್ದ. ಒಳ್ಳೆಯದರ ತಂತಿ ಹೇಗೆ ಹೋಗಿದೆ ಎಂದು ನೋಡುತ್ತ ಕೆಟ್ಟದ್ದಕ್ಕೆ ಸುತ್ತುತ್ತಿದ್ದ. ಮೆಣಸಿನಕಾಯಿ ಒಣಗಿಸಲು ಜಾಗವಿಲ್ಲದೆ ಅವ್ವ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದಳು: “ಕೆಟ್ಟದ್ದು ಒಂದ, ಬಿಚ್ಚೂದು ಎರಡ! ಇದೆಂಥಾ ಮನಿಗೆ ಬಂದ್ನೆವ್ವಾ ನಾನು!” ಮುಚ್ಚುವಾಗ ಇದರ ಬೇರಿಂಗ್ ಅದಕ್ಕೆ, ಅದರ ಪಂಖಾ ಇದಕ್ಕೆ ಸೇರಿಬಿಡುತ್ತಿತ್ತು. ಕೇಳಿದರೆ “ಎರಡೂ ಒಂದ ಅಲ್ಲೇನ?” ಎಂದು ಮೀಸೆಯಲ್ಲೇ ನಗುತ್ತಿದ್ದ. ಅಪ್ಪ ಹಲ್ಲು ಕಡಿಯುತ್ತಿದ್ದರು. ಕಡೆಗೊಮ್ಮೆ “ಇನ್ನ ನನ್ನ ಮೋಟರಿಗೆ ಕೈ ಹಚ್ಚಬ್ಯಾಡ” ಎಂದು ಚೀಲ ಸುತ್ತಿ ಹಗ್ಗ ಬಿಗಿದರು.

ನಾನೀಗ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಡಿಎನ್‌ಎ ಎಳೆ ಮುರಿದರೆ ಹೇಗೆ ಕೂಡುತ್ತದೆ ಎಂಬ ಪಾಠ ಬಂದಾಗಲೆಲ್ಲ ಕಣ್ಣೆದುರು ಆ ಅಂಗಳವೇ ಬರುತ್ತದೆ, ಏನು ಮಾಡಲಿ? ಕೆಲಸದಲ್ಲಿರುವ ಜೀನು ಸಡಿಲವಾಗಿ ತೆರೆದುಕೊಂಡಿರುತ್ತದೆ. ಅಲ್ಲಿ ಓಡಾಟ ಜಾಸ್ತಿ. ಜೀನನ್ನು ಓದುವ ಯಂತ್ರಕ್ಕೆ ಇಡೀ ಎಳೆಯ ನಕಲು ಮಾಡುವ ಯಂತ್ರ ಢಿಕ್ಕಿ ಹೊಡೆದು ಎಳೆ ತುಂಡಾಗುವುದೂ ಉಂಟು. ಆದರೆ ರಿಪೇರಿಯವರು, ಅಂದರೆ ದುರಸ್ತಿಯ ಪ್ರೋಟೀನುಗಳು, ಬೇಗ ಬರುವುದೂ ಅಲ್ಲಿಗೇ. ಪಕ್ಕದಲ್ಲಿ ಅದರದೇ ನಕಲಾದ ಅವಳಿ ಎಳೆ ಇದ್ದರೆ ತುದಿಗೆ ತುದಿ ಹೇಗೋ ಅಂಟಿಸಿ ಹೋಗುವುದಿಲ್ಲ, ಅದನ್ನು ನೋಡಿಕೊಂಡು ಕಳೆದದ್ದನ್ನು ಅಕ್ಷರ ಬಿಡದಂತೆ ತುಂಬುತ್ತಾರೆ. ಕೆಲವು ಸಲ ಎರಡರ ತುಂಡುಗಳು ಅದಲುಬದಲಾಗುತ್ತವೆ. ಕೆಲಸವಿಲ್ಲದೆ ಬಿಗಿಯಾಗಿ ಸುತ್ತಿಕೊಂಡು ಮಲಗಿದ ಭಾಗ ಮುರಿದರೆ ರಿಪೇರಿ ನಿಧಾನ. ಮುರಿದ ಕಡೆ ಜೀವಕೋಶ ಓದುವುದನ್ನು ತುಸು ನಿಲ್ಲಿಸುತ್ತದೆ ಕೂಡ. ಆ ಮಟ್ಟಿಗೆ ಅದು ಕಾಕಾನಿಗಿಂತ ಜಾಣ, ಅವನು ಎಷ್ಟೋ ಸಲ ದಂಡೆಯಲ್ಲಿ ಓಡುತ್ತಿರುವ ಮೋಟರಿಗೇ ಪಾನಾ ಹಾಕಿ ನಟ್ಟು ತಿರುಗಿಸುತ್ತಿದ್ದ. ಇಷ್ಟೆಲ್ಲ ಗಂಟಲು ಹರಿದುಕೊಂಡು ಹೇಳಿದರೆ ಒಬ್ಬ ಹುಡುಗಿ ಪರೀಕ್ಷೆಯಲ್ಲಿ “ಡಿಎನ್‌ಎ ಎಂದರೆ ಮೇಡಂ ಅವರ ಕಾಕಾ ಇದ್ದಂತೆ” ಎಂದು ಬರೆದಿಟ್ಟಳು. ಹಣೆ ಚಚ್ಚಿಕೊಂಡು ಅರ್ಧ ಅಂಕ ಕೊಟ್ಟೆ.

ಮುಂದೆ ಅಪ್ಪ, ಕಾಕಾ ಬೇರೆಯಾದರು. ಕಾರಣ ಕೇಳಬೇಡಿ, ಒಲೆಯ ಮುಂದೆ ಹುಟ್ಟಿ ಹೊಲದವರೆಗೆ ಹೋದ ಜಗಳ. “ಅವನ ಮಾರಿ ನೋಡಂಗಿಲ್ಲ” ಎಂದರು ಅಪ್ಪ. ನನಗೂ ಅಕ್ಕನಿಗೂ ಕಾಕಾನ ಮನೆಗೆ ಹೋಗುವುದು ಬಂದಾಯಿತು. ಬಹಳ ಅತ್ತೆವು. ಊರ ಹಿರಿಯರು ಬಂದು ಹೊಲ ಹಂಚಿ, ಯಾರ ಮೋಟರು ಅವರು ತಗೊಳ್ಳಲಿ ಎಂದರು. ಅಪ್ಪ ಗತ್ತಿನಿಂದ ತಮ್ಮದರ ಹಗ್ಗ ಬಿಚ್ಚಿ ಗುಂಡಿ ಒತ್ತಿದರು. ಅದು ಮಿಸುಕಲಿಲ್ಲ. ಎರಡು ಮಳೆಗಾಲ ಯಾರೂ ಬಿಚ್ಚಿ ನೋಡದೆ ಒಳಗೆಲ್ಲ ಜಂಗು ಹಿಡಿದಿತ್ತು, ತಂತಿಯನ್ನು ಇಲಿ ಕಡಿದಿತ್ತು. ಕಾಕಾನ ತೇಪೆಯ ಮೋಟರು ಮಾತ್ರ ಹೊಳೆಯ ದಂಡೆಯಲ್ಲಿ ಗುಂಯ್ ಎನ್ನುತ್ತಿತ್ತು. ಅಪ್ಪನ ಮುಖ ನೋಡಲಾಗಲಿಲ್ಲ.

ಕಾಕಾ ತಲೆ ಕೆರೆದುಕೊಂಡ. “ನಂದು ಅಂತೀರಿ, ಇದರಾಗ ನಂದೇನೈತ್ರಿ? ಬೇರಿಂಗ್ ಅಣ್ಣಂದು, ಪಂಖಾ ಅಣ್ಣಂದು. ಹೆಂಗ ಹಂಚತೀರಿ ಹಂಚ್ರಿ.”

“ಹಂಗಾರ ಒಂದ ಮೋಟರ, ಪಾಳಿ ಮ್ಯಾಲ ನೀರ” ಎಂದು ಹಿರಿಯರು ಎದ್ದುಹೋದರು.

ಪಾಳಿ ಬದಲಾಗುವಾಗ ಕೂಗಲೇಬೇಕಲ್ಲ? “ಬಂದ್ ಮಾಡ್ಲ್ಯಾ?” “ಮಾಡು.” ಮೊದಮೊದಲು ಅಷ್ಟೇ. ಆಮೇಲೆ “ಚಾ ಕುಡದಿ?” ಬಂತು. ಮುಂದಿನ ಸಲ ಮೋಟರು ಕೆಟ್ಟಾಗ ಇಬ್ಬರೂ ಕೂಡಿಯೇ ಅದನ್ನು ಹೊತ್ತು ತಂದರು. ಅಂಗಳ ಮತ್ತೆ ಹಾಳಾಯಿತು. ಅವ್ವ ಬೈಯುತ್ತಲೇ ಇಬ್ಬರಿಗೂ ಭಕ್ಕರಿ ಬಡಿದಳು.

ಚಟ್ನಿ ಅರ್ಧಕ್ಕೇ ನಿಂತಿದೆ. ಮನೆಯವರು ಮೊಬೈಲಿನಲ್ಲಿ ಹೊಸ ಮಿಕ್ಸರ್ ಹುಡುಕುತ್ತಿದ್ದಾರೆ. ನಾನು ನನ್ನ ಮೊಬೈಲು ತೆಗೆದುಕೊಂಡು ಅಕ್ಕನಿಗೆ ಹಚ್ಚಿದೆ.

“ಏನ?” ಎಂದಳು.

“ನನ್ನ ಮಿಕ್ಸರ್ ಸುಟ್ಟೈತಿ. ನಿಂದು ತಗೊಂಡ ಬಾ. ಎರಡೂ ಬಿಚ್ಚಿ ನೋಡಬೇಕು.”

ಆ ಕಡೆಯಿಂದ ಥೇಟ್ ಅವ್ವನ ದನಿ: “ಕೆಟ್ಟದ್ದು ನಿಂದು. ನಂದ್ಯಾಕ ಬಿಚ್ಚಬೇಕ?”

“ಬರೂದಿದ್ರ ಬಾ, ಇಲ್ಲಾಂದ್ರ ಬಿಡು.”

“ಬಿಡು ಅನ್ನಾಕ ಇಷ್ಟ ದಿನದ ಮ್ಯಾಲ ಫೋನ್ ಮಾಡೀಯೇನ?” ಎಂದು ಗದರಿದಳು. ಅವಳು ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು. “ಸ್ಕ್ರೂಡ್ರೈವರ್ ಐತೇನ ನಿನ್ನ ಮನ್ಯಾಗ, ಇಲ್ಲಾ ಅದನ್ನೂ ನಾನ ತರ್ಲ್ಯಾ?”