ಗಿರಿಜಕ್ಕನ ಪಟ ತೆರೆಯಲಿಲ್ಲ

ಬೆಳಿಗ್ಗೆ ಪೂಜೆ ಮುಗಿಸಿ ಕೂತರೆ ಫೋನು ಜಾಗ ಇಲ್ಲ ಅಂತ ಹೇಳಿತು. ಒಳಗೆ ಇರುವುದಾದರೂ ಏನು ಹೇಳಿ? ನೂರಾರು ಶಿವ, ನೂರಾರು ಶುಭೋದಯ. ದೇವರ ಪಟ ಅಳಿಸಿದರೆ ಪಾಪವೇನೋ ಎಂದು ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಅಳಿಸುತ್ತಿದ್ದೆ. ನೀವು ನಗಬಹುದು, ನಮ್ಮ ಮನೆಯವರೂ ನಕ್ಕರು. ನಡುವೆ ಒಂದು ಬೂದುಬಣ್ಣದ ಚೌಕ ಸಿಕ್ಕಿತು. ಒತ್ತಿದರೆ ತೆರೆಯುವುದಿಲ್ಲ. ಒಳಗಿರುವುದು ಯಾರೆಂದು ಮಾತ್ರ ನನಗೆ ಗೊತ್ತು. ಗಿರಿಜಕ್ಕ, ನನ್ನ ವಾರಗಿತ್ತಿ.

ಮಿಡಿಗೇಶಿಯ ಈ ಮನೆಗೆ ಅವಳು ಹಿರಿಸೊಸೆ, ನಾನು ಕಿರಿಸೊಸೆ. ಇಪ್ಪತ್ತೆಂಟು ವರ್ಷ ಒಂದೇ ಒಲೆ. ಕಟ್ಟಿಕೊಂಡ ಗಂಡಂದಿರ ಜೊತೆಗಿಂತ ಹೆಚ್ಚು ಹೊತ್ತು ನಾವಿಬ್ಬರೇ ಕೂಡಿ ಕಳೆದೆವು. ಎರಡು ವರ್ಷದ ಹಿಂದೆ ಅವಳು ಶಿವನ ಪಾದ ಸೇರಿದಳು. ಮಲಗಿ ನರಳಲಿಲ್ಲ, ಅದೊಂದು ದಯೆ.

ಹನ್ನೊಂದನೇ ದಿನದ ಶಿವಗಣಾರಾಧನೆಗೆ ಹಾರ ಹಾಕಿಡಲು ಪಟ ಬೇಕಿತ್ತು. ಆಲ್ಬಮ್ಮುಗಳನ್ನೆಲ್ಲ ಹರಡಿ ಕೂತರೆ ಎಲ್ಲದರಲ್ಲೂ ಎಲ್ಲರೂ ಇದ್ದಾರೆ, ಗಿರಿಜಕ್ಕ ಇಲ್ಲ. ಫೋಟೋ ಅಂದಾಗೆಲ್ಲ ಅವಳದು ಒಂದೇ ಮಾತು: "ನೀವು ನಿಂತ್ಕಳ್ರಿ, ಸಾರು ಉಕ್ತದೆ." ನಾನಾದರೂ ಕೈಹಿಡಿದು ಎಳೆದು ತರಬಹುದಿತ್ತು. ಒಬ್ಬರಾದರೂ ಒಲೆ ಹತ್ತಿರ ಇರಬೇಕಲ್ಲ ಎಂದು ಸೆರಗು ಸರಿಮಾಡಿಕೊಂಡು ನಾನೇ ಮುಂದಿನ ಸಾಲಿಗೆ ಹೋಗಿ ನಿಂತಿದ್ದೇನೆ, ಎಲ್ಲ ಫೋಟೋದಲ್ಲೂ.

ಕಡೆಗೆ ನೆನಪಾದದ್ದು ಪಾವಗಡದಲ್ಲಿರುವ ಅಕ್ಕನ ತಂಗಿ ಮಗಳು ರೂಪ. ಬೇಸಿಗೆಯಲ್ಲಿ ಬಂದಿದ್ದಾಗ ಮಾಳಿಗೆ ಮೇಲೆ ಸಂಡಿಗೆ ಇಡುತ್ತಿದ್ದ ದೊಡ್ಡಮ್ಮನನ್ನು ತನ್ನ ಐಫೋನಿನಲ್ಲಿ ಹಿಡಿದಿದ್ದಳು. ವಾಟ್ಸಾಪಿನಲ್ಲಿ ಕಳಿಸಿದಳು. ಅಕ್ಕ ನಗುತ್ತಿದ್ದಳು! ದೊಡ್ಡದು ಮಾಡಿಸೋಣವೆಂದು ಮಧುಗಿರಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಸೀಟೂ ಸಿಕ್ಕಿತು.

ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಿರುವ ಸಾಬರು ಶಿರಾದವರು, ನಮ್ಮ ಕಡೆಯ ಮದುವೆಗೆಲ್ಲ ಅವರದೇ ಕ್ಯಾಮೆರಾ. ನೋಡಿ ತಲೆ ಆಡಿಸಿದರು. "ಇದು ಸಣ್ಣದಾಗಿ ಬಂದದೆ ಕಣಮ್ಮ. ದೊಡ್ಡದು ಮಾಡಿದ್ರೆ ಮುಖ ಚೂರುಚೂರಾಗ್ತದೆ. ಒರಿಜಿನಲ್ಲೇ ಬೇಕು."

ರೂಪ ಒರಿಜಿನಲ್ಲು ಕಳಿಸಿದಳು. ನನ್ನ ಫೋನಿನಲ್ಲಿ ಅದು ಬೂದು ಚೌಕ, ಅವರ ಕಂಪ್ಯೂಟರಿನಲ್ಲಿ ಅದೂ ಇಲ್ಲ.

"ನನ್ನದು ಹಳೇ ವಿಂಡೋಸು. ಆ ಫೋನಿನ ಫೋಟೋ ಕಟ್ಟೋ ರೀತಿನೇ ಬೇರೆ, ಇದಕ್ಕೆ ಬಿಚ್ಚಕ್ಕೆ ಬರಲ್ಲ."

"ಕಂಪ್ಯೂಟರಿಗೂ ಮಡಿ ಮೈಲಿಗೆ ಅದಾ ಸಾಬ್ರೆ?"

"ನಿಮಗಿಂತ ಜಾಸ್ತಿ ಕಣಮ್ಮ! ಆ ಹುಡುಗಿಗೆ ಜೆಪಿಜಿ ಮಾಡಿ ಕಳ್ಸು ಅನ್ನಿ."

ರೂಪ ಅವಸರದ ಹುಡುಗಿ. ಫೈಲಿನ ಹೆಸರಿನ ಕೊನೆಗೆ ಜೆಪಿಜಿ ಅಂತ ಬರೆದು ಅದನ್ನೇ ಮತ್ತೆ ಕಳಿಸಿದಳು. ತೆರೆಯಲಿಲ್ಲ. ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. "ಹೆಸರು ಬದಲಾಯಿಸಿದ್ರೆ ಆಗಲ್ಲಮ್ಮ, ಒಳಗಿಂದು ಬದಲಾಗ್ಬೇಕು."

ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ ನನ್ನ ಕಣ್ಣು ತುಂಬಿಕೊಂಡಿತು. ಗಿರಿಜಕ್ಕನ ಹುಟ್ಟುಹೆಸರು ಪಾರ್ವತಿ. ನಮ್ಮತ್ತೆಯ ಹೆಸರೂ ಅದೇ. ಮನೆಯಲ್ಲಿ ಅತ್ತೆ ಹೆಸರು ಹಿಡಿದು ಸೊಸೆಯನ್ನು ಗದರುವುದು ಹೆಂಗೆ? ಅದಕ್ಕೆ ಧಾರೆಯ ದಿನವೇ ಅಕ್ಕಿಯ ಮೇಲೆ ಗಿರಿಜ ಎಂದು ಬರೆಸಿ ಹೆಸರು ಬದಲಿಸಿದರು. ಆದರೂ ಡಬ್ಬದಿಂದ ಅಕ್ಕಿ ಅಳೆಯುವಾಗ ಅವಳ ಬಾಯಲ್ಲಿ ಬರುತ್ತಿದ್ದದ್ದು ತವರಿನ ತೆಲುಗೇ: ಒಕಟಿ, ರೆಂಡು, ಮೂಡು. "ಪೇರು ಮಾರ್ಚಿದ್ರು ಕಣೇ, ನನ್ನ ಮಾರ್ಚಕ್ಕೆ ಆಯ್ತದಾ?" ಎಂದು ಒಂದು ಸಲ ನಕ್ಕಿದ್ದಳು. ನಾನೂ ನಕ್ಕಿದ್ದೆ. ಆ ಹೆಸರಿಂದ ಒಮ್ಮೆಯಾದರೂ ಕರೆಯಲೇನಕ್ಕ ಎಂದು ಕೇಳಲಿಲ್ಲ. ಅತ್ತೆ ಹೋದ ಮೇಲೂ ಕೇಳಲಿಲ್ಲ.

ಸಾಬರೇ ಫೋನಿನಲ್ಲಿ ರೂಪಳಿಗೆ ಹೇಳಿಕೊಟ್ಟು, ಸರಿಯಾಗಿ ಬದಲಾಯಿಸಿದ ಫೋಟೋವನ್ನು ತಮ್ಮ ಈಮೇಲಿಗೇ ತರಿಸಿಕೊಂಡರು. ಕರೆಂಟು ಹೋಗಲಿಲ್ಲ, ಅದೂ ಶಿವನ ದಯೆಯೇ. ಅಷ್ಟಗಲ ಪರದೆಯ ತುಂಬ ಅಕ್ಕ ಬಂದಳು. ಹಣೆಯ ವಿಭೂತಿ, ಗಲ್ಲದ ಮೇಲೆ ಹಿಟ್ಟಿನ ಚುಕ್ಕೆ, ಮುರಿದ ಹಲ್ಲು. ಪಕ್ಕಕ್ಕೆ ತಿರುಗಿ ಯಾರನ್ನೋ ನೋಡಿ ನಗುತ್ತಿದ್ದಾಳೆ. ಅಂಚಿನಲ್ಲಿ ಹಸಿರು ಬಳೆಯ ಒಂದು ಕೈ, ಹಿಟ್ಟಿನ ಪಾತ್ರೆ ಹಿಡಿದದ್ದು. ಸಣ್ಣ ಫೋಟೋದಲ್ಲಿ ಗಮನಿಸಿರಲಿಲ್ಲ. ಅದು ನನ್ನ ಕೈ.

"ಈ ಕೈ ಯಾರ್ದಮ್ಮ?"

"ನಂದೇ."

"ಹಂಗಾದ್ರೆ ತೆಗೀಬೇಕು. ನಿಮ್ಮೋರಲ್ಲಿ ಬದುಕಿರೋರ ಮೇಲೆ ಆ ಹಾರ ಬೀಳಬಾರ್ದು ಅಂತಾರಲ್ಲ."

ಶಾಸ್ತ್ರ ನನಗೂ ಗೊತ್ತು. ಹೂಂ ಅಂದೆ. ಅವರು ಮೌಸನ್ನು ಒಂದು ಸಲ ಎಳೆದರು, ಅಷ್ಟೇ.

ಇವತ್ತು ಆ ಬೂದು ಚೌಕವನ್ನು ಅಳಿಸಲಿಲ್ಲ. ಎದ್ದು ನಡುಮನೆಗೆ ಹೋದೆ. ಗೋಡೆಯಲ್ಲಿ ಅತ್ತೆ ಮಾವನ ಪಕ್ಕ ಗಿರಿಜಕ್ಕ. ಎರಡು ವರ್ಷದಿಂದ ಖಾಲಿ ಗೋಡೆಯ ಕಡೆ ನಗುತ್ತಿದ್ದಾಳೆ. ಸ್ಟೂಲು ಹಾಕಿಕೊಂಡು ಪಟ ಇಳಿಸಿದೆ. ಅಡುಗೆಮನೆಗೆ ತಂದು, ಅವಳ ಮುಖ ನಾನು ನಿಲ್ಲುವ ಕಡೆಗೆ ಬರುವಂತೆ ಎಡಗಡೆಯ ಮೊಳೆಗೆ ಹಾಕಿದೆ. ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದರು.

"ತೀರಿಹೋದೋರ ಪಟ ಅಡುಗೆಮನೇಲಿ ಯಾರಾದ್ರೂ ಹಾಕ್ತಾರೇನೆ?"

"ಅಲ್ಲಿ ಅವಳಿಗೆ ಮಾತಾಡ್ಸಕ್ಕೆ ಯಾರವ್ರೆ?" ಅಂದೆ.

ಒಲೆ ಹಚ್ಚಿ, ಮಧ್ಯಾಹ್ನಕ್ಕೆ ಏನು ಮಾಡಲಿ ಪಾರ್ವತಕ್ಕ ಎಂದು ಕೇಳಿದೆ. ಆ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.